ಉಂಬಳ ಯಾರು, ಕೈ ಎತ್ತಿ

ಮೂರೂರು ಕ್ರಿಕೆಟ್ ಸಮಿತಿಯ ಅಧ್ಯಕ್ಷ ವಿಘ್ನೇಶ್ವರ ಅವರು ಹೊಸನಗರದ ಮೈದಾನದಲ್ಲಿ ಐನೂರು ಜನರ ಎದುರು ಲ್ಯಾಪ್‌ಟಾಪಿನ ಗುಂಡಿ ಒತ್ತಿದರು. ಬೆನ್ನ ಹಿಂದಿನ ದೊಡ್ಡ ಪರದೆ ಬೆಳಗಿತು. ಬಿಳಿ ಟೊಪ್ಪಿಯ ಪುಟ್ಟ ಬೊಂಬೆಯೊಂದು ಮೈದಾನದ ನಡುವೆ ನಡೆದು ಬಂದು ಕೈ ಮುಗಿಯಿತು. ಅದರ ತಲೆಯ ಮೇಲೆ, ರಸ್ತೆಯಾಚೆ ಬಸ್ಸು ಕಾಯುತ್ತಿದ್ದವರಿಗೂ ಓದಲು ಬರುವಷ್ಟು ದೊಡ್ಡದಾಗಿ ಮೂಡಿದ್ದು ಇಷ್ಟು:

‘ಅಧ್ಯಕ್ಷರು: ವಿಘ್ನ.’

ಆಮೇಲೆ ಲಾಂಗ್ ಆನ್‌ನಲ್ಲಿರುವ ಹಲಸಿನ ಮರದ ಕಡೆಯಿಂದ ಒಂದು ಸೀಟಿ ಬಂತು. ಅದರ ಹಿಂದೆ ಹತ್ತು ಬಂದವು. ಅಧ್ಯಕ್ಷರು ಪರದೆಗೆ ಬೆನ್ನು ಹಾಕಿ ನಿಂತಿದ್ದರಿಂದ, ಜನರ ಅಭಿಮಾನ ಉಕ್ಕುತ್ತಿದೆ ಎಂದೇ ತಿಳಿದು ಇನ್ನೊಮ್ಮೆ ಕೈ ಬೀಸಿದರು.

ಮೈಕು ಸುಂದರೇಶ ಮೇಷ್ಟ್ರ ಕೈಯಲ್ಲಿತ್ತು. ತೀರ್ಥಹಳ್ಳಿಯ ಹೈಸ್ಕೂಲಿನಲ್ಲಿ ಕನ್ನಡ ಕಲಿಸುವ, ಭಾನುವಾರಗಳಲ್ಲಿ ಟೆನಿಸ್ ಬಾಲ್ ಪಂದ್ಯಗಳಿಗೆ ವೀಕ್ಷಕ ವಿವರಣೆ ಕೊಡುವ ಮೇಷ್ಟ್ರಿಗೆ ಮೈಕು ಸುಮ್ಮನಿದ್ದರೆ ಕೈ ತುರಿಸುತ್ತದೆ. “ಕ್ರೀಡಾಭಿಮಾನಿಗಳೇ, ಗಾಬರಿ ಬೇಡ, ವಿಘ್ನ ಇನ್ನೇನು ನಿವಾರಣೆ ಆಗಲಿದೆ” ಎಂದುಬಿಟ್ಟರು. ಆಗ ಅಧ್ಯಕ್ಷರು ತಿರುಗಿ ನೋಡಿದರು.

ಅವತ್ತು ಬಿಡುಗಡೆಯಾಗುತ್ತಿದ್ದ ಆ ಮೊಬೈಲ್ ಆಟ ಮಾಡಿದವಳು ಸುಚಿತ್ರಾ. ಸ್ಕೋರರ್ ಮೇಜಿನಿಂದ ಎದ್ದು ಬಂದು, “ಹೆಸರು ಪೂರ್ತಿ ಹಿಡೀಲಿಲ್ಲ ಸಾರ್, ಕಟ್ ಆಗ್ಬಿಡ್ತು. ಸರಿ ಮಾಡ್ತೀನಿ” ಎಂದಳು.

“ಏನಮ್ಮಾ, ನಿನ್ನ ಆಟದಲ್ಲಿ ನಾನು ವಿಘ್ನವೋ?”

“ಇಲ್ಲ ಸಾರ್. ಈಶ್ವರ ಒಳಗಿದಾನೆ, ಕಾಣಿಸ್ತಿಲ್ಲ ಅಷ್ಟೇ.”

ಸುಂದರೇಶ ಮೇಷ್ಟ್ರಿಗೆ ಈ ಹೆಂಗಸಿನ ಬಗ್ಗೆ ಕುತೂಹಲ ಹುಟ್ಟಿದ್ದು ಆ ಗಳಿಗೆಯಲ್ಲಿ. ಸಂಧಿಯನ್ನು ಇಷ್ಟು ಸಂಕಟದಲ್ಲಿ ಬಿಡಿಸಿ ಹೇಳಿದವರನ್ನು ಅವರು ತಮ್ಮ ಇಪ್ಪತ್ತಾರು ವರ್ಷದ ಸರ್ವೀಸಿನಲ್ಲಿ ಕಂಡಿರಲಿಲ್ಲ.

ಹಾಗೆ ನೋಡಿದರೆ ಆ ದಿನ ಶುರುವಾದದ್ದೇ ಎಡವಟ್ಟಿನಿಂದ. ಬ್ಯಾಕೋಡಿನಿಂದ ಬಂದಿದ್ದ ತಾಯಿ ಹೂವಮ್ಮನಿಗೆ ಸುಚಿತ್ರಾ ಬೆಳಿಗ್ಗೆ, “ಹತ್ತು ಗಂಟೆಗೆ ಲಾಂಚು ಅವ್ವ, ಬೇಗ ಹೊರಡು” ಅಂದಿದ್ದೇ ತಡ, ಆಕೆ ಬಟ್ಟೆ ಚೀಲಕ್ಕೆ ತುಂಬಿಕೊಂಡು ಊರಿಗೆ ಹೊರಟು ನಿಂತಿದ್ದಳು. ಹಿನ್ನೀರಿನ ಆಚೆ ದಡದವರಿಗೆ ಲಾಂಚು ಅಂದರೆ ಒಂದೇ: ಜೀಪು, ಬಸ್ಸು, ಮದುವೆ ದಿಬ್ಬಣ ಎಲ್ಲವನ್ನೂ ಹೊತ್ತು ಹೊಳೆ ದಾಟಿಸುತ್ತಿದ್ದ ಆ ದೊಡ್ಡ ದೋಣಿ. ಆಟಕ್ಕೆ ಲಾಂಚು ಯಾಕೆ, ಮೈದಾನದಲ್ಲಿ ನೀರು ನಿಂತಿದೆಯೇ ಅಂತ ಹೂವಮ್ಮ ದಾರಿಯುದ್ದಕ್ಕೂ ಕೇಳಿದ್ದಳು.

ಸುಚಿತ್ರಾಳ ಓದೂ ಆ ಲಾಂಚಿನಲ್ಲೇ ಆದದ್ದು. ಸಾಗರದ ಕಾಲೇಜಿಗೆ ಬರುವ ವರ್ಷಗಳಲ್ಲಿ, ಇವತ್ತು ಎಷ್ಟು ಜೀಪು ಹತ್ತಿದವು, ಎಷ್ಟು ಬೈಕು, ಯಾರು ಓಡಿ ಬಂದರೂ ತಪ್ಪಿಸಿಕೊಂಡರು ಅಂತ ನೋಟ್‌ಬುಕ್ಕಿನ ಅಂಚಿನಲ್ಲಿ ಗೀಟು ಹಾಕುವುದು ಅವಳ ಚಟ. ಡಿಗ್ರಿ ಮುಗಿದ ಮೇಲೆ ಹೊಸನಗರದಲ್ಲಿ ‘ಅಕ್ಷರ ಡಿಟಿಪಿ’ ಅಂತ ಅಂಗಡಿ ತೆರೆದಳು; ಲಗ್ನಪತ್ರಿಕೆ, ಫ್ಲೆಕ್ಸ್, ಪಹಣಿ ತಿದ್ದುಪಡಿಯ ಅರ್ಜಿ. ಹನ್ನೆರಡು ವರ್ಷದ ಹಿಂದೆ ಒಂದು ಭಾನುವಾರ ಪಂದ್ಯಾವಳಿಯ ಫ್ಲೆಕ್ಸ್ ಕೊಡಲು ಮೈದಾನಕ್ಕೆ ಹೋದಾಗ, ಸ್ಕೋರ್ ಬರೆಯುವವನು ಊಟಕ್ಕೆ ಹೋದವನು ವಾಪಸ್ ಬಂದಿರಲಿಲ್ಲ. ಯಾರೋ ಅವಳ ಕೈಗೆ ಪೆನ್ನು ಕೊಟ್ಟರು. ಅವತ್ತು ಕೂತವಳು ಇನ್ನೂ ಎದ್ದಿಲ್ಲ. ನಲವತ್ತು ಬಾಲಿಗೆ ಆರು ರನ್ ಹೊಡೆದ ಒಬ್ಬ ಓಪನರ್‌ನ ಹೆಸರು ಕೇಳಲು ಹೋಗಿ ಅವನನ್ನೇ ಮದುವೆಯಾದಳು. ಅವನು ದೀಪಕ್, ಮಾಸ್ತಿಕಟ್ಟೆಯಲ್ಲಿ ವಿದ್ಯುತ್ ಯೋಜನೆಯ ನೌಕರ, ಔಟೂ ಆಗುವುದಿಲ್ಲ, ರನ್ನೂ ಮಾಡುವುದಿಲ್ಲ.

ಇಂಥವಳು ಮೂರು ವರ್ಷ ವಿಡಿಯೋ ನೋಡಿ ನೋಡಿ ಕಲಿತು ಒಂದು ಮೊಬೈಲ್ ಆಟ ಮಾಡಿದಳು. ಹೆಸರು ‘ಮೂರೂರು ಕಪ್’. ಸಾಗರ, ಹೊಸನಗರ, ತೀರ್ಥಹಳ್ಳಿ ತಂಡಗಳು ಪ್ರತಿ ವರ್ಷ ಆಡುವ ಟೆನಿಸ್ ಬಾಲ್ ಪಂದ್ಯಾವಳಿಯನ್ನೇ ಫೋನಿನೊಳಗೆ ಇಳಿಸಿದ್ದಳು. ಹೆಸರು ಸುಚಿತ್ರಾ ಆದರೂ ಆಟದ ಚಿತ್ರಗಳೇನೂ ಸು ಆಗಿರಲಿಲ್ಲ. ಬ್ಯಾಟ್ಸ್‌ಮನ್ ನಿಂತ ಗ್ಯಾಸ್ ಸಿಲಿಂಡರಿನ ಹಾಗೆ ಕಾಣುತ್ತಿದ್ದ, ವಿಕೆಟ್ ಕೀಪರ್ ಖಾಲಿಯಾದ ಸಿಲಿಂಡರಿನ ಹಾಗೆ. ಹೆಸರುಗಳೂ ಅಲ್ಲಲ್ಲಿ ಬಾಲ ಕತ್ತರಿಸಿಕೊಂಡಿದ್ದವು. ತೀರ್ಥಹಳ್ಳಿಯ ವೇಗದ ಬೌಲರ್ ಗಣೇಶಮೂರ್ತಿ ‘ಗಣೇಶಮ’ ಆಗಿ ಓಡಿ ಬರುತ್ತಿದ್ದ.

ಆದರೆ ಚೆಂಡು ಮಾತ್ರ ನಮ್ಮೂರಿನ ಚೆಂಡೇ. ಹೊಸನಗರದ ಮೈದಾನ ಒಂದು ಕಡೆಗೆ ಇಳಿಜಾರು, ಸುಮ್ಮನೆ ತಳ್ಳಿದರೂ ಅಲ್ಲಿ ಎರಡು ರನ್ ಅನ್ನುವುದು ಆಟಕ್ಕೆ ಗೊತ್ತಿತ್ತು. ಹಲಸಿನ ಮರಕ್ಕೆ ಬಡಿದರೆ ಎರಡು. ಮರದಲ್ಲೇ ಸಿಕ್ಕಿಕೊಂಡರೆ ಆ ಬಾಲ್ ಲೆಕ್ಕಕ್ಕಿಲ್ಲ. ತೀರ್ಥಹಳ್ಳಿಯಲ್ಲಿ ಪಕ್ಕದ ಮನೆಯ ಹಂಚಿನ ಮೇಲೆ ಬಿದ್ದರೆ ಔಟು. ಹಂಚು ಒಡೆದರೆ ಬ್ಯಾಟ್ಸ್‌ಮನ್ನಿನ ಬೊಂಬೆ ತಾನೇ ಓಡಿಹೋಗುತ್ತಿತ್ತು. ಮೊದಲ ಸೀಸನ್ನಿನಲ್ಲಿ ಸಾವಿರದ ನಾನೂರು ಜನ ಆಡಿದರು. ಅವರಲ್ಲಿ ಹೆಚ್ಚಿನವರು ತಮ್ಮ ತಮ್ಮ ಹೆಸರು ಹುಡುಕಿ, ಅದರ ಫೋಟೋ ತೆಗೆದು ಸ್ಟೇಟಸ್ಸಿಗೆ ಹಾಕಿದರು.

ಮಳೆಗಾಲದಲ್ಲಿ ಬೆಂಗಳೂರಿನ ‘ಗೆಲುವು ಗೇಮ್ಸ್’ ಎಂಬ ಕಂಪನಿ ಸಮಿತಿಯನ್ನು ಹುಡುಕಿಕೊಂಡು ಬಂತು. ಪಂದ್ಯಾವಳಿಯ ಹೆಸರು, ತಂಡಗಳ ಹೆಸರು, ಆಟಗಾರರ ಹೆಸರು, ಇವನ್ನು ಇನ್ನು ಮೂರು ವರ್ಷ ವಿಡಿಯೋ ಗೇಮಿನಲ್ಲಿ ಬಳಸುವ ಹಕ್ಕು ತಮಗೆ ಮಾತ್ರ ಬೇಕು ಅಂದಿತು. ಕರಾರಿನ ತಲೆಯ ಮೇಲೆ ಎಕ್ಸ್‌ಕ್ಲೂಸಿವ್ ಲೈಸೆನ್ಸ್ ಅಂತ ಇತ್ತು. ಆ ಪದದ ಹೊಟ್ಟೆಯಲ್ಲೇ ಒಂದು ‘ಕ್ಲೂ’ ಇದೆ; ಸಹಿ ಹಾಕಿದ ವಿಘ್ನೇಶ್ವರರಿಗೆ ಮಾತ್ರ ಅದು ಸಿಗಲಿಲ್ಲ. ಇನ್ನು ತಮ್ಮ ಹೆಸರು ಪೂರ್ತಿ ಮೂಡುತ್ತದೆ ಅನ್ನುವುದೊಂದೇ ಅವರಿಗೆ ಸಮಾಧಾನ.

ಹದಿನೈದು ದಿನದೊಳಗೆ ಎಲ್ಲ ಹೆಸರು ತೆಗೆಯಬೇಕು ಎಂಬ ಪತ್ರ ಅಕ್ಷರ ಡಿಟಿಪಿಗೆ ಬಂದಾಗ ಸುಂದರೇಶ ಮೇಷ್ಟ್ರು ಅಲ್ಲೇ ಇದ್ದರು. ಪ್ರತಿ ಶನಿವಾರ ಪ್ರಶ್ನೆಪತ್ರಿಕೆಯ ನೆಪ ಮಾಡಿಕೊಂಡು ತೀರ್ಥಹಳ್ಳಿಯಿಂದ ಬಸ್ಸು ಹತ್ತಿ ಬರುವ ರೂಢಿಯಾಗಿತ್ತು. ಪತ್ರವನ್ನು ಎರಡು ಸಲ ಓದಿದರು.

“ಅಲ್ಲ ಮಾರಾಯ್ರೆ, ಇದೆಂತದು ಇದು! ತೀರ್ಥಹಳ್ಳಿ ಅನ್ನೋಕೂ ಪರ್ಮಿಷನ್ನಾ?”

“ಮಾತಲ್ಲಿ ಅನ್ಬಹುದು ಸಾರ್. ಕ್ರಿಕೆಟ್ ಗೇಮಲ್ಲಿ ಟೀಮಿನ ಹೆಸರಾಗಿ ಹಾಕಂಗಿಲ್ಲ.”

ಮೂಲೆಯಲ್ಲಿ ಕೂತು ಲಗ್ನಪತ್ರಿಕೆಗೆ ಅರಿಶಿನ ಹಚ್ಚುತ್ತಿದ್ದ ಹೂವಮ್ಮ ತಲೆ ಎತ್ತಿದಳು. “ನಮ್ಮಪ್ಪನ ಕಾಲದಲ್ಲಿ ಗದ್ದೆ ಗೇಣಿಗೆ ಕೊಡ್ತಿದ್ರು. ಈಗ ಹೆಸರನ್ನೂ ಗೇಣಿಗೆ ಕೊಟ್ರಾ ಮೇಷ್ಟ್ರೇ? ಅದೂ ಮೂರೂ ತಾಲ್ಲೂಕಿನದು ಒಬ್ಬನಿಗೇ?”

“ಅದೇ ಹೂವಮ್ಮ, ಅದೇ. ನಾಲ್ಕು ಜನಕ್ಕೆ ತುಂಡು ತುಂಡು ಕೊಟ್ಟರೆ ಯಾರು ಚೆನ್ನಾಗಿ ಬೆಳೀತಾರೆ ನೋಡಬಹುದು. ಒಬ್ಬನಿಗೇ ಕೊಟ್ಟರೆ?”

“ಒಬ್ಬನಿಗೇ ಕೊಟ್ರೆ ಅವ ಬೇಲಿ ಗಟ್ಟಿ ಮಾಡ್ತಾನೆ. ಗದ್ದೆಗೆ ಯಾಕೆ ಇಳೀತಾನೆ?”

ಮೇಷ್ಟ್ರು ಇದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು. ಆಮೇಲೆ ವಾರಗಟ್ಟಲೆ ಫೋನಿನಲ್ಲಿ ಹುಡುಕಿ ಹುಡುಕಿ ಓದಿದರು. ಅಮೆರಿಕದಲ್ಲಿ ಇಪ್ಪತ್ತು ವರ್ಷದ ಹಿಂದೆ ಅಲ್ಲಿನ ಫುಟ್‌ಬಾಲ್ ಲೀಗು ಹೀಗೇ ಒಂದೇ ಕಂಪನಿಗೆ ಹೆಸರಿನ ಹಕ್ಕು ಕೊಟ್ಟಿತ್ತು. ಅದಕ್ಕೆ ಸ್ವಲ್ಪ ಮೊದಲು ಎದುರಾಳಿ ಕಂಪನಿಯೊಂದು ತನ್ನ ಆಟವನ್ನು ಅರ್ಧಕ್ಕಿಂತ ಕಡಿಮೆ ಬೆಲೆಗೆ ಮಾರಿ ಎಲ್ಲರ ನಿದ್ದೆ ಕೆಡಿಸಿತ್ತು. ಹಕ್ಕು ಹೋದ ಮೇಲೆ ಅದು ಆ ಲೀಗಿನ ಆಟವನ್ನೇ ನಿಲ್ಲಿಸಬೇಕಾಯಿತು. ಸಾಕರ್ ಆಟ ಮಾಡುವ ಇನ್ನೊಂದು ಕಂಪನಿಗೆ ದೊಡ್ಡ ದೊಡ್ಡ ತಂಡಗಳ ಹೆಸರು ಸಿಗದಿದ್ದಾಗ, ಊರು ಮತ್ತು ಅಂಗಿಯ ಬಣ್ಣ ಸೇರಿಸಿ ಸುಳ್ಳು ಹೆಸರು ಇಟ್ಟಿತಂತೆ. ಅಭಿಮಾನಿಗಳು ಮನೆಯಲ್ಲಿ ಕೂತು ನಿಜವಾದ ಹೆಸರುಗಳನ್ನು ಒಂದೊಂದಾಗಿ ತಾವೇ ತುಂಬಿಕೊಂಡರಂತೆ. ಇಷ್ಟೆಲ್ಲ ಓದಿದ ಮೇಲೆ ಮೇಷ್ಟ್ರಿಗೆ ಒಂದೇ ಪ್ರಶ್ನೆ ತಲೆಯಲ್ಲಿ ಕೊರೆಯತೊಡಗಿತು. ಜನ ಆಡುವುದು ಆಟವನ್ನೋ, ಹೆಸರನ್ನೋ?

ಮರುಶನಿವಾರ ಅವರು ಒಂದು ಪಟ್ಟಿ ತಂದರು. ಸಾಗರಕ್ಕೆ ‘ಮಹಾಸಮುದ್ರ’, ಹೊಸನಗರಕ್ಕೆ ‘ನೂತನಪಟ್ಟಣ’, ತೀರ್ಥಹಳ್ಳಿಗೆ ‘ಪವಿತ್ರಜಲಗ್ರಾಮ’.

“ಅರ್ಥ ಅದೇ, ಹೆಸರು ಬೇರೆ. ಯಾವ ವಕೀಲನೂ ಮುಟ್ಟೋಕಾಗಲ್ಲ” ಎಂದರು, ಮೀಸೆಯಡಿಯಲ್ಲಿ ನಗುತ್ತಾ.

ಸುಚಿತ್ರಾ ಪಟ್ಟಿಯನ್ನು ಹಿಂದೆ ಮುಂದೆ ತಿರುಗಿಸಿದಳು. “ಉದ್ದ ಆಯ್ತು ಸಾರ್.”

ಎಷ್ಟು ಹರಿತವಾದ ಅಭಿರುಚಿ ಅನಿಸಿತು ಮೇಷ್ಟ್ರಿಗೆ. ‘ಕಲಾವಿದೆಯ ಸಂಕ್ಷಿಪ್ತತೆ’ ಅಂತ ನೋಟ್‌ಬುಕ್ಕಿನಲ್ಲಿ ಬರೆದು ಅಡಿಗೆರೆ ಎಳೆದರು.

ಸುಚಿತ್ರಾ ತಂಡಗಳಿಗೆ ಇಟ್ಟ ಹೆಸರು ಕಡಲು, ಹೊಸದು, ತೀರ್ಥ. ಮೂರನೆಯದರಿಂದ ತೀರ್ಥಹಳ್ಳಿಯ ಆಟಗಾರರಿಗೆ ಮನೆಯಲ್ಲಿ ಒಂದಿಷ್ಟು ವಿವರಣೆ ಕೊಡಬೇಕಾಗಿ ಬಂತು. ಆಟಗಾರರು ‘ಆಟ ೧’, ‘ಆಟ ೨’ ಎಂದಾದರು. ‘ಮೂರೂರು’ ಎಂಬ ಪದವೂ ಕರಾರಿನೊಳಗಿದ್ದುದರಿಂದ ಆಟದ ಹೆಸರಿನಲ್ಲಿ ಉಳಿದದ್ದು ಬರೀ ‘ಕಪ್’. ಚಹಾ ತರಿಸುವ ಆಪ್ ಅಂತ ತಿಳಿದು ಇಳಿಸಿಕೊಂಡವರೂ ಇದ್ದರು. ಸರ್ಕಾರದ ಜಾಗದಲ್ಲಿ ಅಪ್ಪಣೆ ಇಲ್ಲದೆ ಮಾಡಿದ ಸಾಗುವಳಿಗೆ ಬಗರ್‌ಹುಕುಂ ಅನ್ನುತ್ತಾರಲ್ಲ, ಹೊಸನಗರದ ಕಡೆಯವರು ಇದಕ್ಕೂ ‘ಬಗರ್‌ಹುಕುಂ ಆಟ’ ಎಂದೇ ಕರೆದರು.

ಅಷ್ಟರಲ್ಲಿ ಗೆಲುವಿನವರ ಆಟ ಬಂತು. ‘ಮೂರೂರು ಕಪ್: ಅಧಿಕೃತ’. ಬ್ಯಾಟ್ಸ್‌ಮನ್ನಿಗೆ ಮೂಗು, ಕಿವಿ, ಗಡ್ಡ ಎಲ್ಲ ಇದ್ದವು. ಸಾವಿರದ ನಾನೂರರಲ್ಲಿ ಹೆಚ್ಚಿನವರು ಅತ್ತ ಹೋದರು. ಇತ್ತ ಉಳಿದವರು ತೊಂಬತ್ತೊಂದು. ಅದರಲ್ಲಿ ಒಬ್ಬರು ಮೇಷ್ಟ್ರು. ಇನ್ನೊಬ್ಬ ದೀಪಕ್, ಅದೂ ಹೆಂಡತಿಯ ಮುಲಾಜಿಗೆ. “ನನ್ನ ನಂಬರ್ ಏಳಂತೆ ಸಾರ್. ನಾನೇ ನನ್ನ ಗುರ್ತು ಹಿಡೀದೆ ಔಟ್ ಮಾಡ್ಬಿಟ್ಟೆ” ಅಂದ.

“ಈ ಸೀಸನ್ ಫೈನಲ್ಲಿನೊಳಗೆ ಜನ ವಾಪಸ್ ಬರ್ದಿದ್ರೆ ತೆಗೆದುಹಾಕ್ತೀನಿ ಸಾರ್” ಅಂದಳು ಸುಚಿತ್ರಾ, ಕೀಬೋರ್ಡಿನಿಂದ ಕಣ್ಣೆತ್ತದೆ. “ಖಾಲಿ ಗ್ರೌಂಡಲ್ಲಿ ಕೂತು ಸ್ಕೋರ್ ಬರೆಯೋಕಾಗಲ್ಲ.”

“ಮೂರು ವರ್ಷದ ಕೆಲಸ ಮಾರಾಯ್ರೆ!”

“ಅದಕ್ಕೇ. ನಾಲ್ಕನೇದು ಬೇಡ.”

ಅವಳ ದನಿಯಲ್ಲಿ ಬೇಸರ ಇದ್ದಂತೆ ಕಾಣಲಿಲ್ಲ. ಆದರೆ ಆ ದಿನ ಅವಳು ಮೇಷ್ಟ್ರ ಪ್ರಶ್ನೆಪತ್ರಿಕೆಯಲ್ಲಿ ‘ಸಮಾಸ’ ಇರಬೇಕಾದಲ್ಲಿ ‘ಸಮೋಸ’ ಹೊಡೆದಿದ್ದಳು. ಹನ್ನೆರಡು ವರ್ಷ ಒಂದು ವೈಡ್ ಬಾಲೂ ತಪ್ಪದೆ ಬರೆದ ಕೈ ಅದು. ಮೇಷ್ಟ್ರು ತಾವೇ ತಿದ್ದಿಕೊಂಡರು.

ಮುಂದಿನ ಶನಿವಾರ ಬಸ್ಸಿನಲ್ಲಿ ಅವರು ಎಂದಿನಂತೆ ಫೋನು ತೆಗೆದು ‘ಕಪ್’ ಒತ್ತಿದರು. ‘ಆಟ ೭’ ಇರಬೇಕಾದ ಜಾಗದಲ್ಲಿ ‘ಡ್ಯಾಂ’ ಅಂತ ಇತ್ತು.

ಮೇಷ್ಟ್ರು ಬಸ್ಸಿನಲ್ಲೇ ಗಟ್ಟಿಯಾಗಿ ನಕ್ಕರು. ಕಂಡಕ್ಟರ್ ತಿರುಗಿ ನೋಡಿದ. ದೀಪಕ್‌ನನ್ನು ಮೈದಾನದಲ್ಲಿ ಯಾರೂ ದೀಪಕ್ ಅಂದದ್ದೇ ಇಲ್ಲ. ಲಿಂಗನಮಕ್ಕಿಯ ಹಾಗೆ ಬಂದದ್ದನ್ನೆಲ್ಲ ತಡೆದು ನಿಲ್ಲಿಸಿಕೊಂಡು, ಹೊರಗೆ ಒಂದು ಹನಿ ಬಿಡದ ಬ್ಯಾಟ್ಸ್‌ಮನ್ ಅವನು. ಅವನ ಕೆಳಗೆ ‘ಉಂಬಳ’: ಜಿಗಣೆಯ ಹಾಗೆ ಕಚ್ಚಿಕೊಂಡರೆ ಉಪ್ಪು ಹಾಕಿದರೂ ಕ್ರೀಸು ಬಿಡದ ಸಾಗರದ ಆಸಾಮಿ. ‘ತೂಬು’: ಕಾಲ ಸಂದಿನಲ್ಲಿ ಚೆಂಡು ಬಿಡುವ ಫೀಲ್ಡರ್. ‘ಚಕ್ಲಿ’: ತಿರುಗಿಸಿ ತಿರುಗಿಸಿ ಕೊನೆಗೆ ಮುರಿದುಬೀಳುವ ಸ್ಪಿನ್ನರ್. ‘ಗೊರಬು’: ಮಳೆಗೆ ತಲೆಯಿಂದ ಬೆನ್ನಿನವರೆಗೆ ಎಲೆಯ ಗೊರಬು ಹೊದ್ದವರ ಹಾಗೆ ಬೆನ್ನು ಬಾಗಿಸಿ ಕೂರುವ ಕೀಪರ್. ‘ಲಾಂಚ್’: ಈ ದಡದಿಂದ ಆ ದಡಕ್ಕೆ ಒಂದು ರನ್ ಓಡಲು ಮುಕ್ಕಾಲು ಗಂಟೆ ತೆಗೆದುಕೊಳ್ಳುವ ಬ್ಯಾಕೋಡಿನವನು. ಹನ್ನೆರಡು ವರ್ಷ ಮೈದಾನದಲ್ಲಿ ಕೂಗಿ ಕರೆದ ಹೆಸರುಗಳೆಲ್ಲ ಸುಚಿತ್ರಾಳ ಸ್ಕೋರ್ ಪುಸ್ತಕದಲ್ಲಿ ಇದ್ದವು. ಯಾವ ಕರಾರಿನಲ್ಲೂ ಇರಲಿಲ್ಲ.

ಸೋಮವಾರದ ಹೊತ್ತಿಗೆ ಆಡುವವರು ನಾನೂರು, ಫೈನಲ್ಲಿನ ದಿನ ಎರಡು ಸಾವಿರದ ಮುನ್ನೂರು. ‘ತೂಬು’ ಫೋನಿನಲ್ಲೂ ಚೆಂಡು ಬಿಟ್ಟಾಗ ಮೂರು ತಾಲ್ಲೂಕಿನಲ್ಲಿ ಒಟ್ಟಿಗೇ ಬೈಗುಳ ಕೇಳಿಸುತ್ತಿತ್ತು.

ಅಧಿಕೃತ ಆಟದಲ್ಲಿ ಆದದ್ದು ಉಲ್ಟಾ. ಸಮಿತಿಯವರು ಬಹಳ ಶಿಸ್ತಿನಿಂದ ಆಧಾರ್ ಕಾರ್ಡು ನೋಡಿ ಹೆಸರಿನ ಪಟ್ಟಿ ಕಳಿಸಿದ್ದರು. ಹಾಗಾಗಿ ತೀರ್ಥಹಳ್ಳಿಯ ತಂಡದಲ್ಲಿ ಗಣೇಶ್ ಕೆ., ಗಣೇಶ್ ಕೆ. ಆರ್., ಗಣೇಶ್ ಎಸ್., ಮತ್ತು ಗಣೇಶಮೂರ್ತಿ ಇದ್ದರು. ಇಷ್ಟು ಜನ ಗಣೇಶರಲ್ಲಿ ಸಿಕ್ಸರ್ ಹೊಡೆಯುವ ಗಣೇಶ ಯಾರು ಎಂದು ಗಣೇಶರಿಗೇ ತಿಳಿಯಲಿಲ್ಲ. ಮೈದಾನವೋ, ಎಲ್ಲಿಯೂ ಇಳಿಜಾರಿಲ್ಲದ, ಯಾವ ದೇಶದ್ದೋ ಹಸಿರು ಚಾಪೆ. ಹಲಸಿನ ಮರ ಇಲ್ಲ, ಹಂಚಿನ ಮನೆ ಇಲ್ಲ. ಮರುವರ್ಷ ಹೊಸ ಆವೃತ್ತಿ ಬಂದಾಗ ಸಾಗರದ ಅಂಗಿ ನೀಲಿಯಿಂದ ಇನ್ನೊಂದು ನೀಲಿಗೆ ಬದಲಾಗಿತ್ತು, ಅಷ್ಟೇ. ಹೆಸರು ಬೇಕೆಂದವರು ಬೇರೆಲ್ಲೂ ಹೋಗುವಂತಿಲ್ಲ ಎಂಬ ಧೈರ್ಯದಲ್ಲಿ ಕಂಪನಿ ಕೂತಿತ್ತು. ಹೂವಮ್ಮ ಅಂದದ್ದು ಸರಿ, ಬೇಲಿ ಗಟ್ಟಿಯಾಗಿತ್ತು. ಜನ ಬೇಲಿಯ ಕೆಳಗೆ ನುಸುಳಿದ್ದು ಮಾತ್ರ ಕಂಪನಿಗೆ ತಡವಾಗಿ ತಿಳಿಯಿತು.

ತಿಳಿದ ಮೇಲೆ ಸಮಿತಿಗೆ ಇನ್ನೊಂದು ಪತ್ರ ಬಂತು. ಅಡ್ಡಹೆಸರೂ ಆಟಗಾರನ ಹೆಸರೇ. ಪ್ರತಿಯೊಬ್ಬ ಆಟಗಾರನೂ ‘ಈ ಅಡ್ಡಹೆಸರು ನನ್ನದು’ ಅಂತ ಬರೆದು ಸಹಿ ಹಾಕಿದರೆ ಅದೂ ಕರಾರಿನೊಳಗೆ ಸೇರುತ್ತದೆ. ಆಗ ಸುಚಿತ್ರಾ ಅದನ್ನೂ ತೆಗೆಯಲೇಬೇಕು. ಈ ಸಲ ಅವಳ ಹತ್ತಿರ ಹಾಕಲು ಬೇರೆ ಹೆಸರು ಉಳಿದಿರಲಿಲ್ಲ. “ಸಹಿ ಬಿದ್ರೆ ಮುಗೀತು ಸಾರ್” ಅಂದಳು.

ಸಭೆ ಸೇರಿದ್ದು ಸಾಗರದಲ್ಲಿ, ಒಂದು ಸಭಾಭವನದಲ್ಲಿ. ಮೂವತ್ತಮೂರು ಆಟಗಾರರು, ಮೂವತ್ತಮೂರು ಪ್ಲಾಸ್ಟಿಕ್ ಕುರ್ಚಿ. ಮುಂದೆ ವಿಘ್ನೇಶ್ವರ, ಪಕ್ಕದಲ್ಲಿ ಕಂಪನಿಯ ಪ್ರತಿನಿಧಿಯಾಗಿ ಬಂದ ಚಿರಂತನ ಎಂಬ ಕನ್ನಡಕದ ಯುವಕ. ಕನ್ನಡ ಮೇಷ್ಟ್ರು ಅನ್ನುವ ಕಾರಣಕ್ಕೆ ನಡಾವಳಿ ಬರೆಯಲು ಸುಂದರೇಶರನ್ನೇ ಕೂರಿಸಿದ್ದರು. ಕೊನೆಯ ಸಾಲಿನಲ್ಲಿ ಸುಚಿತ್ರಾ, ಮಡಿಲಲ್ಲಿ ಸ್ಕೋರ್ ಪುಸ್ತಕ. ‘ಆಟಗಾರನ ಅಧಿಕೃತ ಅಡ್ಡಹೆಸರು’ ಎಂಬ ಫಾರಂ ಎಲ್ಲರಿಗೂ ಹಂಚಿಯಾಗಿತ್ತು. ಅದರ ಡಿಟಿಪಿ ಮಾಡಿಸಿದ್ದು ಅವಳ ಅಂಗಡಿಯಲ್ಲೇ.

ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. ಹೆಸರು ಕೂಗುವ ಕೆಲಸ ಅವರದೇ, ಇಷ್ಟವಿಲ್ಲದಿದ್ದರೂ.

“ಉಂಬಳ ಯಾರು? ಕೈ ಎತ್ತಿ.”

ಎಲ್ಲರೂ ಕೈಯಲ್ಲಿದ್ದ ಫಾರಂ ಓದತೊಡಗಿದರು.

“ನಾಚಿಕೆ ಬೇಡ” ಅಂದರು ವಿಘ್ನೇಶ್ವರ. “ಸಾಗರದ ಮೂರನೇ ಬ್ಯಾಟ್ಸ್‌ಮನ್ ತಾನೇ ಉಂಬಳ?”

ಸಾಗರದ ಮೂರನೇ ಬ್ಯಾಟ್ಸ್‌ಮನ್ ಎದ್ದು ನಿಂತ. “ಅಧ್ಯಕ್ಷರೇ, ನಮ್ಮ ಮನೇಲಿ ಹೆಣ್ಣು ನೋಡ್ತಾ ಇದಾರೆ. ‘ನಾನು ಉಂಬಳ’ ಅಂತ ಸಹಿ ಹಾಕಿ ಅಂತೀರಾ?”

“ತೂಬು?”

“ತೂಬು ನಮ್ಮ ಟೀಮಲ್ಲಿಲ್ಲ ಸಾರ್, ಹೊಸನಗರದವ್ರು ಅವ್ರು” ಎಂದ ತೀರ್ಥಹಳ್ಳಿಯ ಒಬ್ಬ ಫೀಲ್ಡರ್.

“ಓಹೋ! ನಿನ್ನ ಕಾಲ್ ಸಂದೀಲಿ ಕಳ್ದೋದ್ ಬಾಲು ಇನ್ನೂ ಸಿಕ್ಕಿಲ್ವಲ್ಲೋ!” ಎಂದು ಹೊಸನಗರದವರ ಸಾಲಿನಿಂದ ಕೂಗು ಬಂತು.

“ಕೂತ್ಕೊಳ್ಳಿ, ಕೂತ್ಕೊಳ್ಳಿ. ಲಾಂಚ್? ಲಾಂಚ್ ಯಾರಪ್ಪ?”

ಬ್ಯಾಕೋಡಿನವನು ನಿಧಾನವಾಗಿ ಎದ್ದ. ಏಳುವುದಕ್ಕೇ ಅವನಿಗೆ ಸಾಕಷ್ಟು ಹೊತ್ತು ಬೇಕು. “ಲಾಂಚು ಈಗೆಲ್ಲಿದೆ ಸಾರ್? ಸೇತುವೆ ಆಯ್ತಲ್ಲ.”

‘ಡ್ಯಾಂ’ ಅಂದಾಗ ದೀಪಕ್ ಮೇಲೆ ತಿರುಗುತ್ತಿದ್ದ ಫ್ಯಾನಿನ ರೆಕ್ಕೆ ಎಣಿಸುತ್ತಿದ್ದ. ಚಿರಂತನ ಅವನತ್ತ ಕೈ ತೋರಿಸಿ, “ಸಾರ್, ನೀವೇ ಅಲ್ವಾ?” ಅಂದ. ದೀಪಕ್ ಎಂದಿನಂತೆ ಡಿಫೆನ್ಸಿಗೆ ಇಳಿದ. “ಡ್ಯಾಂ ಇರೋದು ಮಾಸ್ತಿಕಟ್ಟೆ ಹತ್ರ. ನಾನು ಅಲ್ಲಿ ಬರೀ ನೌಕರ.”

ಕಂಪನಿಯ ಯುವಕನಿಗೆ ಸ್ವಲ್ಪ ಬೆವರು ಬಂತು. “ಹೋಗಲಿ, ಪಟ್ಟಿಯಲ್ಲಿಲ್ಲದ ಅಡ್ಡಹೆಸರು ಯಾರಿಗಾದ್ರೂ ಇದ್ರೆ ಹೇಳಿ. ಟೈಗರ್, ಹುಲಿ, ಆ ಥರ?”

‘ಹುಲಿ’ಗೆ ಏಳು ಕೈ ಮೇಲೆದ್ದವು. ಅದರಲ್ಲಿ ಒಂದು ತೂಬಿನದು.

ಮೇಷ್ಟ್ರು ನಡಾವಳಿಯಲ್ಲಿ ‘ಹುಲಿ: ೭’ ಎಂದು ಬರೆದರು. ಚಿರಂತನ ಫೋನು ತೆಗೆದು ಪರದೆಯನ್ನು ಅಧ್ಯಕ್ಷರ ಮುಂದೆ ಹಿಡಿದ. “ಕೊನೆಯದು ಸಾರ್. ಮಳೆ ಬಂದಾಗ ಮೈದಾನಕ್ಕೆ ಬಂದು ಆಟ ನಿಲ್ಲಿಸ್ತಾನಲ್ಲ, ಬಿಳಿ ಟೊಪ್ಪಿ, ಈ ‘ವಿಘ್ನ’ ಯಾರು? ಇದಾದ್ರೂ ಯಾರದ್ದು ಅಂತ ಗೊತ್ತಾದ್ರೆ, ಒಂದು ಸಹಿಯಿಂದ ನಮ್ಮ ಕೇಸು ಗಟ್ಟಿಯಾಗುತ್ತೆ.”

ಮೂವತ್ತಮೂರು ಜನ ಒಟ್ಟಿಗೇ ಅಧ್ಯಕ್ಷರ ಕಡೆ ತಿರುಗಿದರು. ಸುಚಿತ್ರಾ ಮಾತ್ರ ಸ್ಕೋರ್ ಪುಸ್ತಕ ನೋಡುತ್ತಿದ್ದಳು. ಅವಳ ಹೆಬ್ಬೆರಳು ಪುಟದ ಅಂಚನ್ನು ಮಡಚಿ ಮಡಚಿ ಬಿಡುತ್ತಿತ್ತು.

ವಿಘ್ನೇಶ್ವರರು ಕನ್ನಡಕ ತೆಗೆದರು. ಒರೆಸಿದರು. ಹಾಕಿಕೊಂಡರು.

“ಅದು ಯಾರೂ ಅಲ್ಲ” ಎಂದರು. “ವಿಘ್ನ ಅಂದ್ರೆ ವಿಘ್ನ. ಮಳೆ. ಸಾಮಾನ್ಯ ನಾಮಪದ. ಅಲ್ವಾ ಮೇಷ್ಟ್ರೇ?”

“ಖಂಡಿತ” ಎಂದರು ಮೇಷ್ಟ್ರು. “ಅಂಕಿತನಾಮ ಅಲ್ಲವೇ ಅಲ್ಲ.”

ಸಭೆ ಮುಗಿಯಿತು. ಮೂವತ್ತಮೂರು ಫಾರಂಗಳೂ ಖಾಲಿಯಾಗಿಯೇ ವಾಪಸ್ ಬಂದವು. ಬಾಗಿಲ ಹತ್ತಿರ ಉಂಬಳ ಸುಚಿತ್ರಾಳನ್ನು ನಿಲ್ಲಿಸಿ, “ಅಕ್ಕಾ, ಮುಂದಿನ ಸಲ ನನ್ ಬ್ಯಾಟಿಂಗ್ ಸ್ವಲ್ಪ ಜಾಸ್ತಿ ಮಾಡಿ” ಅಂದ, ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು.

ಬಸ್‌ಸ್ಟ್ಯಾಂಡಿನ ಪಕ್ಕದ ಹೋಟೆಲಿನಲ್ಲಿ ಮೇಷ್ಟ್ರು, ಸುಚಿತ್ರಾ, ದೀಪಕ್ ಚಹಾಕ್ಕೆ ಕೂತರು. ಮೇಷ್ಟ್ರು ನೋಟ್‌ಬುಕ್ ಬಿಚ್ಚಿದರು. ಜಿಲ್ಲಾ ವಿಚಾರ ಸಂಕಿರಣಕ್ಕೆಂದು ಅವರು ಈಗಾಗಲೇ ಹನ್ನೊಂದು ಪುಟ ಬರೆದಿದ್ದರು: ‘ಹೆಸರಿನ ಒಡೆತನ ಮತ್ತು ಊರಬಾಯಿ: ಒಂದು ಪ್ರತಿರೋಧದ ಕಥನ’. ಕೊನೆಯ ಪುಟಕ್ಕೆ ಒಂದು ಮಾತು ಬಾಕಿ ಇತ್ತು, ಅದು ಸುಚಿತ್ರಾಳ ಬಾಯಿಂದಲೇ ಬರಬೇಕಿತ್ತು. ಪೆನ್ನಿನ ಮುಚ್ಚಳ ತೆಗೆದರು.

“ಒಂದೇ ಪ್ರಶ್ನೆ, ಸುಚಿತ್ರಾ. ಯೋಚನೆ ಮಾಡಿ ಹೇಳಿ. ನಿಜವಾದ ಹೆಸರನ್ನ ದುಡ್ಡು ಕೊಟ್ಟು ಕೊಳ್ಳಬಹುದು. ಅಡ್ಡಹೆಸರು ಇಟ್ಟೋರ್ದು, ಇಟ್ಟುಕೊಂಡೋರ್ದಲ್ಲ. ಅದನ್ನ ಯಾರೂ ನನ್ನದು ಅನ್ನಲ್ಲ, ಹಾಗಾಗಿ ಯಾರೂ ಮಾರೋಕಾಗಲ್ಲ. ಇದು ನಿಮಗೆ ಎಲ್ಲಿ ಹೊಳೀತು?”

ಸುಚಿತ್ರಾ ಚಹಾದ ಲೋಟದ ಬಿಸಿಗೆ ಬೆರಳು ಬದಲಾಯಿಸಿದಳು. ದೀಪಕ್‌ನ ಕಡೆ ಒಮ್ಮೆ ನೋಡಿದಳು. ಅವನು ಬಾಗಿಲಿನ ಕಡೆ ನೋಡಿದ.

“ಎಂತ ಹೊಳೆಯೋದು ಸಾರ್. ಅವತ್ತು ಅಧ್ಯಕ್ಷರ ಹೆಸರು ಕಟ್ ಆಯ್ತಲ್ಲ, ಹೆಸ್ರು ಕೂರೋ ಆ ಡಬ್ಬಿ ಇನ್ನೂ ಹಂಗೇ ಇದೆ. ಒತ್ತು, ಕೊಂಬು ಎಲ್ಲ ಸೇರಿ ಐದೇ ಅಕ್ಷರ ಹಿಡಿಯೋದು. ದೊಡ್ಡದು ಮಾಡೋಕೆ ನಂಗೆ ಇವತ್ತಿಗೂ ಬರ್ಲಿಲ್ಲ. ಹಿಡಿಯೋ ಹೆಸ್ರು ಯಾವ್ದಿದೆ ನೋಡಿ ಹಾಕ್ದೆ.”